ಎರಡು ಕಂಪನಿಯ ಡಿಸ್ಕು

ಹಾರ್ಡ್ ಡಿಸ್ಕ್ ಟಕ್, ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನಾಗಾರ್ಜುನ ಹುಬ್ಬು ಗಂಟಿಕ್ಕಿದ, ಅಷ್ಟೆ, ಗಾಬರಿಯಾಗಲಿಲ್ಲ. ಯಾದವಗಿರಿಯ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ಅವನು. ಯಾವ ಕಂಪನಿಯ ಡಿಸ್ಕು ಬಾಳಿಕೆ ಬರುತ್ತದೆ, ಯಾವುದು ವರ್ಷ ತುಂಬುವ ಮೊದಲೇ ಕೈಕೊಡುತ್ತದೆ ಎಂದು ಹೆಬ್ಬಾಳದ ಕಾರ್ಖಾನೆಯವರೂ ಅವನನ್ನೇ ಕೇಳುತ್ತಿದ್ದರು. "ಯಾವ ಕಂಪನೀನೂ ಪೂರ್ತಿ ನಂಬ್ಬೇಡಿ ಸಾರ್. ಬೇರೆ ಬೇರೆ ಕಂಪನೀದು ಎರಡು ತಗೊಂಡು ಎರಡರಲ್ಲೂ ಇಡಿ. ಎರಡೂ ಒಟ್ಟಿಗೆ ಹೋಗಲ್ಲ" ಎನ್ನುತ್ತಿದ್ದ.

ಊರಿಗೆ ಹೇಳಿದ ಬುದ್ಧಿಯನ್ನು, ಅಪರೂಪಕ್ಕೆ, ತನ್ನ ಮನೆಯಲ್ಲೂ ಪಾಲಿಸಿದ್ದ. ತೀರಿಕೊಂಡ ಅಪ್ಪ ಸಿದ್ದಮಲ್ಲಪ್ಪನವರು ಹಾಡಿದ್ದ ವಚನಗಳ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಾಗ, ಅಳಿದುಳಿದದ್ದನ್ನು ಎರಡು ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟು, "ಅವ್ವ, ಅಪ್ಪಾಜಿ ಇನ್ಮೇಲೆ ಇದರೊಳಗಿರ್ತಾರೆ" ಎಂದಿದ್ದ. ಕ್ಯಾಸೆಟ್ಟು ಕಸಕ್ಕೆ ಹೋಯಿತು. ಹಬ್ಬ ಬಂದರೆ ಅಪ್ಪನ ದನಿ ಕೇಳುವುದು ವಾಡಿಕೆಯಾಯಿತು. ಎರಡು ವಚನಗಳ ನಡುವೆ ಅವರು ಕೆಮ್ಮಿ "ಮಾದೇವಿ, ಒಂಚೂರು ನೀರು ಕೊಡು" ಎಂದಾಗಲೆಲ್ಲ ಅವ್ವ ಮಹದೇವಮ್ಮ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಇವತ್ತು ವಿಜಯದಶಮಿ. ಆ ದನಿ ಕೇಳಲು ಅವ್ವ ಆಗಲೇ ಮಣೆ ಹಾಕಿಕೊಂಡು ಕೂತಿದ್ದರು.

"ಯಾಕಪ್ಪ, ಏನಾಯ್ತು?"

"ಇದು ಹೋಯ್ತು ಕಣವ್ವ. ಇನ್ನೊಂದದೆ ಬುಡು."

ಇನ್ನೊಂದನ್ನು ಸಿಕ್ಕಿಸಿದ. ಅದು ಸದ್ದನ್ನೂ ಮಾಡಲಿಲ್ಲ. ಸುಟ್ಟ ವಾಸನೆ ಬಂತು. ಎರಡು ಕಂಪನಿ, ಬೇರೆ ಬೇರೆ ವರ್ಷದ ಮಾಲು, ಒಂದೇ ಬೆಳಿಗ್ಗೆ! ಕಿತ್ತು ಬೆಳಕಿಗೆ ಹಿಡಿದ. ಅವಸರದಲ್ಲಿ ಸಿಕ್ಕಿಸುವಾಗ ನೋಡಿರಲಿಲ್ಲ, ತಗಡು ಫಳಫಳ ಹೊಳೆಯುತ್ತಿತ್ತು. ಸ್ಕ್ರೂ ತೂತಿನಲ್ಲಿ ವಿಭೂತಿ ಮೆತ್ತಿತ್ತು. ಅದರ ಪಕ್ಕದಲ್ಲೇ ಹುಣಸೆಹಣ್ಣಿನ ಒಂದು ನಾರು.

"ಅವ್ವ, ಇವನ್ನ ಏನ್ಮಾಡ್ದೆ?"

"ನಿನ್ನೆ ಆಯುಧಪೂಜೆ ಅಲ್ವೇನಪ್ಪ? ನೀನು ಅಂಗಡಿ ಸಾಮಾನಿಗೆಲ್ಲ ಪೂಜೆ ಮಾಡ್ದೆ, ನಿಮ್ಮಪ್ಪಾಜೀನೇ ಮರೆತ್ಬುಟ್ಟೆ. ನಾನೇ ದೇವ್ರ ಸಾಮಾನಿನ ಜೊತೆ ಹುಣಸೆಹಣ್ಣು ಹಾಕಿ ಉಜ್ಜಿ ತೊಳ್ದು, ಬಿಸ್ಲಿಗಿಟ್ಟು, ವಿಭೂತಿ ಹಚ್ದೆ. ಎಂಗೆ ಹೊಳೀತಾವೆ ನೋಡು!"

ನಾಗಾರ್ಜುನನಿಗೆ ಕಿರುಚಿಬಿಡಬೇಕು ಎನ್ನಿಸಿತು. ಅಪ್ಪನ ದನಿ ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲ. ತಿರುಗಿ ನೋಡಿದರೆ, ಅವ್ವ ಮುಖ ಅರಳಿಸಿಕೊಂಡು ಕಾಯುತ್ತಿದ್ದರು. ಅವನ ಮುಖ ಕಂಡು ಆ ನಗು ನಿಧಾನವಾಗಿ ಇಳಿಯಿತು.

"ಅದೂ ಹೋಯ್ತೇನಪ್ಪ?"

"ಹೂಂ ಕಣವ್ವ." ಡಿಸ್ಕಿನ ವಿಷಯದಲ್ಲಿ ಅವನು ಮೊದಲ ಸಲ ಸುಳ್ಳು ಹೇಳಿದ: "ಎರಡು ಕಂಪನೀದೂ ಸರಿಯಿಲ್ಲ."

ಮಹದೇವಮ್ಮ ಎರಡನ್ನೂ ಮಡಿಲಿಗೆ ಹಾಕಿಕೊಂಡು ಸೆರಗಿನಿಂದ ಮತ್ತೊಮ್ಮೆ ಒರೆಸಿದರು.

"ನಾನು ಅಷ್ಟು ಚೆನ್ನಾಗಿ ತೊಳ್ದಿದ್ನಲ್ಲಪ್ಪ!"