ಬೆನ್ನಿಗೆ ಹತ್ತದ ಮಣ್ಣು

ಮಗನನ್ನು ಅಂಗಾತ ಮಲಗಿಸಿ ಗಂಜಿ ತರಲು ಒಳಗೆ ಹೋದ ಗುರುಲಿಂಗಮ್ಮ ಬಟ್ಟಲು ಹಿಡಿದು ಬರುವಷ್ಟರಲ್ಲಿ, ಹಂಪಣ್ಣ ಮತ್ತೆ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದ. ಮೂರು ದಿನದಿಂದ ಅವನ ಕೈಕಾಲು ಆಡುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಯಾರಪ್ಪಾ ನಿನ್ನ ಎಬ್ಬಿಸಿ ಕುಂದರಿಸಿದವ್ರು?”

“ಯಾರಿಲ್ಲಬೇ ಯವ್ವಾ. ಬೆನ್ನು ನೆಲಕ್ಕ ಹತ್ತಿದ ಕೂಡ್ಲೇ ಅಪ್ಪ ತೊಡಿ ತಟ್ಟಿದ್ದು ಕೇಳಸ್ತೈತಿ. ಕಣ್ಣು ತೆಗಿಯೂದ್ರಾಗ ಇಲ್ಲಿ ಇರ್ತೀನಿ.”

ಅವನ ಅಪ್ಪ ಆದೆಪ್ಪ ಮುಂಜಾನೆಯೇ ಸಿಂಧನೂರಿಗೆ ಹೋಗಿದ್ದ.

ಆದೆಪ್ಪನೂ ಒಂದು ಕಾಲದ ಪೈಲ್ವಾನ. ಲಿಂಗಸುಗೂರಿನ ಕುಸ್ತಿಯಲ್ಲಿ ಚಿತ್ ಆಗಿ, ಬೆನ್ನ ಮೇಲಿನ ಕೆಮ್ಮಣ್ಣು ಒರೆಸದೆ ತನ್ನೂರು ಮಸ್ಕಿಗೆ ನಡೆದು ಬಂದವನು ಎಂಟು ವರ್ಷದ ಮಗನಿಗೆ ಹೇಳಿದ್ದ: “ನಿನ್ನ ಬೆನ್ನಿಗೆ ಮಣ್ಣು ಹತ್ತಬಾರದಲೇ. ಮಕ್ಕೊಂಡಾಗ್ಲೂ ಹತ್ತಬಾರದು.” ಅಂದಿನಿಂದ ಹುಡುಗನಿಗೆ ಕಂಬವೇ ಹಾಸಿಗೆ. ತೂಕಡಿಸಿ ನೆಲಕ್ಕೆ ಜಾರಿದರೆ ಅಪ್ಪ ಫಟ್ಟನೆ ತೊಡೆ ತಟ್ಟುತ್ತಿದ್ದ, ಮಗ ಎದ್ದು ಕೂರುತ್ತಿದ್ದ. ಹದಿನೆಂಟಕ್ಕೆಲ್ಲ ಮೂರು ತಾಲೂಕಿನಲ್ಲಿ ಅವನಿಗೆ ಜೋಡಿ ಇರಲಿಲ್ಲ. ನಿಜಾಮರ ಆಳಿಕೆ ಮುಗಿದ ವರ್ಷ ಹೈದರಾಬಾದಿನ ಉಸ್ತಾದನೊಬ್ಬ ಬಂದು, ಹುಡುಗನನ್ನು ನಮ್ಮ ತಾಲೀಮಿನ ಗರಡಿಗೆ ಕೊಡಿ ಎಂದು ಕೈ ಹಿಡಿದು ಕೇಳಿದ. ಆದೆಪ್ಪ ಕೊಡಲಿಲ್ಲ. ಮಗ ಗೆಲ್ಲಬೇಕಾದದ್ದು ಲಿಂಗಸುಗೂರಿನಲ್ಲೇ.

ಮೊನ್ನೆ ಅದೇ ಲಿಂಗಸುಗೂರಿನಲ್ಲಿ ಎದುರಾಳಿ ಎತ್ತಿ ಒಗೆದಾಗ, ಬೆನ್ನು ಹಚ್ಚಿ, ಸೋತು, ಮೈ ಕೊಡವಿಕೊಂಡು ಎದ್ದು ಬರಬಹುದಿತ್ತು. ಹಂಪಣ್ಣ ಗಾಳಿಯಲ್ಲೇ ಹೊರಳಿ ಕುತ್ತಿಗೆಯ ಮೇಲೆ ಬಿದ್ದ. “ಇಪ್ಪತ್ತೊಂದು ದಿನ ಅಂಗಾತ ಮಲಗಿದ್ರ ಎಲುಬು ಕೂಡ್ತೈತ್ರೀ ಅಮ್ಮಾ. ಕುಂತ್ರ ನಿಮ್ಮ ಪೈಲ್ವಾನ ನಿಮಗಿಲ್ಲ,” ಎಂದಿದ್ದ ಎಲುಬು ಕಟ್ಟುವ ಹುಸೇನ್‌ಸಾಬ್.

ಸಂಜೆ ಗಂಡ ಬಂದೊಡನೆ ಗುರುಲಿಂಗಮ್ಮ ಅವನ ಕಾಲು ಹಿಡಿದಳು. “ನೀವೊಂದು ಮಾತು ಹೇಳ್ರೀ. ‘ಸೋತಿ, ಮಕ್ಕೋ’ ಅನ್ರಿ. ನಿಮ್ಮ ಮಾತು ಬಿಟ್ಟು ಯಾರ ಮಾತಿಗೂ ಬಗ್ಗಾಂವಲ್ಲ ಅಂವಾ.”

“ಎಲ್ಲಿ ಸೋತಾನ? ಬೆನ್ನು ಹತ್ತಿಲ್ಲ. ಇಡೀ ಲಿಂಗಸುಗೂರು ನೋಡೈತಿ!”

“ಕುತ್ತಿಗಿ ಮುರದೈತಲ್ಲ, ಅದನ್ನ ಯಾರಿಗೆ ತೋರಸ್ತೀರಿ?”

ಆ ಒಂದು ಮಾತು ಆದೆಪ್ಪನ ನಾಲಿಗೆಯ ತುದಿಗೆ ಬರಲು ಮರುದಿನ ಹೊತ್ತು ನೆತ್ತಿಗೇರಬೇಕಾಯಿತು. “ಹಂಪಾ, ಸಾಕು. ಬೆನ್ನು ಹಚ್ಚೋ ತಂದಿ,” ಎಂದು ಕಂಬದ ಮುಂದೆ ಕೂತ. ಮಗನ ಕಣ್ಣುಗಳು ಅಪ್ಪನ ಬಲಗೈಯನ್ನೇ ನೋಡುತ್ತಿದ್ದವು. ಮೈ ಆಗಲೇ ತಣ್ಣಗಾಗಿತ್ತು.

ಸಮಾಧಿಯ ಕುಣಿಯೊಳಗೆ ಹಂಪಣ್ಣನನ್ನು ಕೂಡಿಸಿ ವಿಭೂತಿ ಹಚ್ಚುವಾಗ ಆದೆಪ್ಪ ಕೈಮುಗಿದ: “ಅಯ್ಯನೋರ, ಒಂದ್ ಗಳಿಗಿ ಮಲಗಸ್ರೀ ಇವನ್ನ. ಇಷ್ಟು ವರ್ಷ ಮಲಗಿಲ್ಲ.”

“ಲಿಂಗವಂತರನ್ನ ಕುಂದರಿಸೇ ಮಣ್ಣು ಕೊಡೂದಪ್ಪಾ,” ಎಂದರು ಕ್ರಿಯೆ ನಡೆಸುತ್ತಿದ್ದ ಜಂಗಮ ಕರಿಬಸಯ್ಯನವರು. “ಮಲಗಸಾಕ ಬರಂಗಿಲ್ಲ.”

ಯಾರಾದರೂ ತಡೆಯುವ ಮೊದಲೇ ಆದೆಪ್ಪ ಕುಣಿಗಿಳಿದು, ಮಗನ ಎರಡೂ ಭುಜ ಹಿಡಿದು ಹಿಂದಕ್ಕೆ ಒತ್ತಿದ. ಮೈಭಾರವೆಲ್ಲ ಹಾಕಿ ಒತ್ತಿದ. ಭುಜಗಳು ಒಂದು ನೂಲೂ ಬಾಗಲಿಲ್ಲ. ಕೈ ಜಾರಿ ಅವನೇ ಮಣ್ಣಿನ ಮೇಲೆ ಅಂಗಾತ ಬಿದ್ದ.

ಫಟ್ಟನೆ ತೊಡೆ ತಟ್ಟಿದ ಸದ್ದು ಎಲ್ಲರಿಗೂ ಕೇಳಿಸಿತು. ಗುರುಲಿಂಗಮ್ಮ ಕುಣಿಯೊಳಗೆ ನೋಡಿದಳು, ಗಂಡನ ಎರಡೂ ಅಂಗೈ ಮಣ್ಣಿಗೆ ಊರಿದ್ದವು. ಕುಣಿಯ ಸುತ್ತ ನೋಡಿದಳು. ನಿಂತವರ ಎರಡೂ ಕೈಗಳಲ್ಲಿ ಹಿಡಿಹಿಡಿ ಮಣ್ಣಿತ್ತು.