ಊಟದ ಮೇಜಿನ ತಂತಿ

ಮೂವತ್ತೆರಡು ವರ್ಷದ ಕೆಳಗೆ, ತಂತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ದಿನ, ಮಾಸ್ತರರು ಮೇಲಧಿಕಾರಿಯ ಎದುರು ನಿಂತು ಮಾತು ಕೊಟ್ಟಿದ್ದರು. ತಂತಿಯಲ್ಲಿ ಬಂದ ಸುದ್ದಿಯನ್ನು ವಿಳಾಸದವರಿಗಲ್ಲದೆ ಯಾರಿಗೂ ತಿಳಿಸುವುದಿಲ್ಲ. ಆ ಸುದ್ದಿಯಿಂದ ತಾನಾಗಲಿ ತನ್ನ ಮನೆಯವರಾಗಲಿ ಲಾಭ ಮಾಡಿಕೊಳ್ಳುವುದಿಲ್ಲ. ಒಮ್ಮೆ ಅಣ್ಣನ ಮಾವ ತೀರಿಕೊಂಡ ಸುದ್ದಿ ಅವರ ಕಿವಿಗೇ ಬಿತ್ತು. ತಂತಿ ಇದ್ದದ್ದು ಅತ್ತಿಗೆಯ ಹೆಸರಿಗೆ. ತಂತಿ ಹಂಚುವ ಪೇದೆ ಅದನ್ನು ಹಿಡಿದು ಆ ಕಡೆ ಹೋದ, ಈ ಕಡೆ ಅಣ್ಣನೇ ಕಚೇರಿಗೆ ಬಂದು, ಅದೂ ಇದೂ ಹರಟಿ, ಯಾವುದೋ ಕೆಲಸಕ್ಕೆ ಪರವೂರಿನ ರೈಲು ಹತ್ತಲು ಹೊರಟ. ಮಾಸ್ತರರು "ಹೋಗಿ ಬಾ" ಅಂದರು. ಅಣ್ಣ ಆಮೇಲೆ ಎರಡು ವರ್ಷ ಅವರ ಮುಖ ನೋಡಲಿಲ್ಲ. ಮಾಸ್ತರರು ಈಗ ನಿವೃತ್ತರಾಗಿದ್ದರೂ "ಪಿಂಚಣಿ ಇರೋದು ನನಗೆ, ಕೊಟ್ಟ ಮಾತಿಗಲ್ಲ" ಎನ್ನುತ್ತಿದ್ದರು. ಅವರು ಕೂರುತ್ತಿದ್ದ ಮೇಜಿನಲ್ಲಿ, ಅದೇ ಮಾತು ಕೊಟ್ಟು, ಈಗ ಮಗಳು ಕೂರುತ್ತಿದ್ದಳು.

ಅಂದು ಮಧ್ಯಾಹ್ನ ಊಟಕ್ಕೆ ಮೂವರೂ ಕೂತಿದ್ದರು. ಮಗಳು ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಮಗ, ಬೆರಳಿನ ಮಸಿಯನ್ನೂ ಸರಿಯಾಗಿ ತೊಳೆಯದೆ ತಟ್ಟೆಗೆ ಕೈ ಹಾಕಿದ್ದ. ಅವನ ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು.

"ಊಟ ಮುಗಿಸಿ ಸೀದಾ ಹೋಗಿ ಯಜಮಾನನ ಮೇಜಿನ ಮೇಲೆ ಎಸೆದು ಬರ್ತೀನಿ. ಸೋಮವಾರದಿಂದ ನಾನು ಗಿರಣಿ ಮನುಷ್ಯ. ಲೇಬಲ್ ವಿಭಾಗಕ್ಕೆ ನಾನೇ ಮೇಸ್ತ್ರಿ, ಹನ್ನೆರಡು ಜನ ನನ್ನ ಕೈಕೆಳಗೆ. ಏನೇ ಟಕಟಕಮ್ಮ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯ? ಅಣ್ಣ ದೊಡ್ಡ ಮನುಷ್ಯ ಆಗ್ತಾನೆ ಅಂತ ಹೊಟ್ಟೆಕಿಚ್ಚಾ?"

"ಊಟ ಮಾಡೋ, ಆರಿಹೋಗುತ್ತೆ," ಎಂದಳು ಮಗಳು. ತಲೆ ಎತ್ತಲಿಲ್ಲ.

ಆಗ ಮಾಸ್ತರರಿಗೆ ಸದ್ದು ಕೇಳಿಸಿತು. ಟಕ್ಕು, ಟಕ್ಕಟಕ್ಕು. ಮಗಳು ಎಡಚಿ, ಕಚೇರಿಯಲ್ಲಿ ತಂತಿಯ ಗುಂಡಿ ಒತ್ತುವುದೂ ಎಡಗೈಯಲ್ಲೇ. ಬಲಗೈ ತುತ್ತು ಕಲಸುತ್ತಿದ್ದರೆ, ಎಡಗೈಯ ತೋರುಬೆರಳು ಮೇಜನ್ನು ಕುಟ್ಟುತ್ತಿತ್ತು. ತಂತಿಯವರಿಗೆ ಇದೊಂದು ರೋಗ. ಎದೆಗೆ ತಟ್ಟಿದ ಸುದ್ದಿಯನ್ನು ಬಾಯಿಗೆ ಬಿಡದಿದ್ದರೆ ಅದು ಬೆರಳಿಗೆ ಇಳಿಯುತ್ತದೆ, ಕುಟ್ಟುವವರಿಗೇ ಗೊತ್ತಾಗುವುದಿಲ್ಲ. ಮಾಸ್ತರರು ಕೆಲಸದಲ್ಲಿದ್ದಷ್ಟು ದಿನವೂ ಬಿಡುವಿನ ಕೈಯನ್ನು ತೊಡೆಯ ಅಡಿಗೆ ಸಿಕ್ಕಿಸಿಕೊಂಡೇ ಊಟ ಮಾಡಿದವರು. ಮಗಳಿಗೆ ಎಲ್ಲ ಕಲಿಸಿದ್ದರು. ಇದೊಂದನ್ನು ಹೇಳಿಕೊಡುವುದು ಮರೆತಿದ್ದರು.

ಮಗನಿಗೆ ಅದು ಬರೀ ಸದ್ದು, ತಂತಿಯವರಿಗೆ ಒಂದೊಂದು ಟಕ್ಕೂ ಅಕ್ಷರ. ಮಾಸ್ತರರು ಬೇಡವೆಂದರೂ ಕಿವಿ ಓದಿಬಿಟ್ಟಿತು. ಬೆಳಗ್ಗೆ ಗಿರಣಿಯ ಮ್ಯಾನೇಜರರಿಗೆ ಬಂದ ತಂತಿ. ಗಿರಣಿ ಸೋಮವಾರದಿಂದ ಮುಚ್ಚುತ್ತದೆ. ಹೊಸಬರನ್ನು ಸೇರಿಸಬೇಡಿ. ಶನಿವಾರದವರೆಗೆ ಯಾರಿಗೂ ತಿಳಿಯಕೂಡದು. ಬೆರಳು ಅರೆಕ್ಷಣ ನಿಂತು ಮತ್ತೆ ಮೊದಲಿನಿಂದ ಶುರುಮಾಡಿತು.

ಮಾಸ್ತರರು ಕೈ ಚಾಚಿ ಮಗಳ ಬೆರಳುಗಳನ್ನು ಒತ್ತಿ ಹಿಡಿದರು. ಅವಳು ಬೆಚ್ಚಿ ನೋಡಿದಳು. ಮೊದಲು ಅಪ್ಪನ ಮುಖ, ಆಮೇಲೆ ತನ್ನ ಕೈ. ಕೈಯನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡಳು.

ಮಗನಿಗೆ ಹೇಳಿದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಸಂಜೆಯೊಳಗೆ ಗಿರಣಿಯ ಗೇಟು ಮುಟ್ಟುತ್ತದೆ. ಬೆಳಗಿನ ಪಾಳಿಯಲ್ಲಿ ಆ ಮೇಜಿನಲ್ಲಿ ಇದ್ದವಳು ಇವಳೊಬ್ಬಳೇ. ಇವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನದು ಹೋಗುತ್ತದೆ. ಇವನು ಬಿಡುತ್ತಾನೆಂಬ ಸುಳಿವು ಸಿಕ್ಕಿ ಅಚ್ಚುಕೂಟದ ಯಜಮಾನ ಬೇರೊಬ್ಬನನ್ನು ಆಗಲೇ ನೋಡಿಟ್ಟುಕೊಂಡಿದ್ದ. ತವರಿಗೆ ಹೋಗಿರುವ ಸೊಸೆ ಏಳು ತಿಂಗಳ ಬಸುರಿ.

"ಆ ಕಾಗದ ಕೊಡು ಇಲ್ಲಿ," ಎಂದರು ಮಾಸ್ತರರು.

"ಯಾಕೆ? ನಿನ್ನೆ ನೀವೇ ತಿದ್ದಿಕೊಟ್ಟಿದ್ದಲ್ವಾ ಅಪ್ಪ?"

"ಇನ್ನೊಂದ್ಸಲ ನೋಡ್ತೀನಿ, ಕೊಡು."

ಮಗ ಕೊಟ್ಟ. ಮಾಸ್ತರರು ಅದನ್ನು ಬಿಡಿಸಿ ತಮ್ಮ ತಟ್ಟೆಯಲ್ಲಿ ಹಾಸಿ, ಲೋಟದ ನೀರನ್ನು ನಿಧಾನವಾಗಿ ಅದರ ಮೇಲೆ ಸುರಿದರು. ಅಕ್ಷರಗಳು ನೀಲಿಯಾಗಿ ಕದಡಿಹೋದವು.

"ಅಪ್ಪ! ತಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟಿದೆ ಅಂದ್ಕೋ. ಗಿರಣಿಯವರು ಬರಹದಲ್ಲಿ ಏನಾದ್ರೂ ಕೊಟ್ಟಿದಾರಾ?"

"ಮ್ಯಾನೇಜರೇ ಬೆನ್ನು ತಟ್ಟಿ ಬಾ ಅಂದಿದಾರೆ."

"ಬೆನ್ನು ತಟ್ಟಿದ್ದಕ್ಕೆ ರಸೀದಿ ಇಲ್ಲ. ನೇಮಕದ ಕಾಗದ ತಂದು ತೋರಿಸು, ರಾಜೀನಾಮೆ ನಾನೇ ಬರ್ಕೊಡ್ತೀನಿ, ಮುತ್ತಿನಂಥ ಅಕ್ಷರದಲ್ಲಿ. ಅಲ್ಲಿಯವರೆಗೆ ನೀನು ಅಚ್ಚುಕೂಟದವನೇ. ಹೊರಡು, ಹೊತ್ತಾಯ್ತು."

ಮಗ ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತು. "ಸರಿ. ಸೋಮವಾರ ತಂದು ನಿಮ್ಮ ಮುಖದ ಮುಂದೆ ಹಿಡೀತೀನಿ," ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಹೆಜ್ಜೆ ಬೀದಿಯಲ್ಲಿ ಅಚ್ಚುಕೂಟದ ಕಡೆಗೇ ತಿರುಗಿತು. ಅದು ಕಿವಿಗೆ ಬೀಳುವವರೆಗೂ ಮಾಸ್ತರರು ಅಲುಗಾಡಲಿಲ್ಲ.

"ಅಪ್ಪ," ಎಂದಳು ಮಗಳು. "ನಾನು ಹೇಳ್ಬಿಟ್ನಾ?"

"ನೀನೇನೂ ಹೇಳಿಲ್ಲಮ್ಮ. ನಿನ್ನ ಬಾಯಿಂದ ಒಂದಕ್ಷರ ಬಿದ್ದಿಲ್ಲ."

"ನೀವೂ ಅವನಿಗೆ ಏನೂ ಹೇಳಿಲ್ವಲ್ಲ."

ಮಾಸ್ತರರು ಒದ್ದೆ ಕಾಗದವನ್ನು ಉಂಡೆ ಮಾಡಿದರು. "ಮಾತು ಕೊಟ್ಟಿದ್ದು ಬರೀ ಬಾಯಿ ಬಿಡಲ್ಲ ಅಂತ ಅಲ್ಲ," ಎಂದರು. "ಮನೆಯವರ ಲಾಭಕ್ಕೆ ಬಳಸಲ್ಲ ಅಂತಲೂ ಕೊಟ್ಟಿದ್ದೆ. ಇವತ್ತು ಬಳಸಿದೆ. ಮುರಿದೆ."