ಮೇಲಿನ ಷಡ್ಜ

ಹೊಸ ಶ್ರವಣಯಂತ್ರದಲ್ಲಿ ಜನರ ಮಾತೆಲ್ಲ ತಗಡಿನ ಡಬ್ಬಿಯೊಳಗಿಂದ ಬಂದಂತಿದ್ದರೂ ವಸುಮತಿ ಟೀಚರ್ ಸಹಿಸಿಕೊಂಡಿದ್ದರು. ವರ್ಷಗಳಿಂದ ಕೇಳಿಸದಿದ್ದ ಕೊಳಲಿನ ಮೇಲಿನ ಸ್ವರಗಳು ಈಗ ಕೇಳುತ್ತಿದ್ದವು. ಕೇಳಿಸಿದ್ದೇ ತಪ್ಪಾಯಿತು. ಶಿಷ್ಯೆ ಸಿಂಚನ ಊದುವ ಮೇಲಿನ ಷಡ್ಜ ಹಳೇ ಬಸ್ಸಿನ ಕಿಟಕಿ ಗಾಜಿನಂತೆ ಅದುರುತ್ತಿತ್ತು.

“ಸ್ವರ ನಿಲ್ಲಿಸೇ, ನಡುಗಿಸಬೇಡ.”

“ನಿಂತಿದೆಯಲ್ಲ ಟೀಚರ್.”

“ಎದುರು ಮಾತು ಬೇರೆ! ನಂಗೆ ಕೇಳಿಸಲ್ಲ ಅಂತ ಇಷ್ಟು ದಿನ ಹೇಗ್ಹೇಗೋ ಊದಿ ಯಾಮಾರಿಸಿದ್ದೀಯ. ಈಗ ಈ ಮಷೀನು ಎಲ್ಲಾ ಹೇಳ್ತಿದೆ.”

ಹುಡುಗಿ ಉಸಿರು ಬಿಗಿಹಿಡಿದು ಮತ್ತೆ ಊದಿದಳು. ಮತ್ತೆ ಅದೇ ನಡುಕ. ಟೀಚರಿಗೆ ರೇಗಿಹೋಯಿತು.

“ಸಾಕು. ಭಾನುವಾರದ ಕಛೇರಿಗೆ ನೀನು ಬೇಡ. ಬೇರೆಯವರನ್ನ ಕೂರಿಸ್ತೀನಿ. ಹೊರಡು.”

ಸಿಂಚನ ಕಣ್ಣೊರೆಸಿಕೊಳ್ಳುತ್ತಾ ಎದ್ದಳು. ಟೀಚರ್ ಮುಖ ತಿರುಗಿಸಿ ಕೂತರು. ಬೆನ್ನ ಹಿಂದೆ ಮತ್ತೆ ಸ್ವರ ಎದ್ದಿತು, ಅದೇ ನಡುಕದೊಂದಿಗೆ.

“ಹೊರಡು ಅಂದ್ರೂ ಊದ್ತೀಯಲ್ಲೇ, ಮೊಂಡಿ!”

“ನಾನಲ್ಲ ಟೀಚರ್, ಕೊಳಲು ಆಗ್ಲೇ ಚೀಲದಲ್ಲಿದೆ. ಬಟ್ಟೆ ಒಗೆದಾಯ್ತು ಅಂತ ನಿಮ್ಮ ವಾಷಿಂಗ್ ಮಷೀನು ಒಂಚೂರೂ ನಡುಗದೆ ಒಂದೇ ಸಮ ಕೂಗ್ತಿದೆ.”